ಹಸಿರು ಕಂಡು ಹೊರಟವನು ತಡವಾದವನು



ಈ ಸಲದ ವಿಷಯವನ್ನು ನೋಡಿ ತಾವು ಹುಬ್ಬೇರಿಸಬಹುದು. ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಭೌತಶಾಸ್ತ್ರ ಬೋಧಿಸಿ, ಈಗ ವಿಶ್ರಾಂತ ಜೀವನ ನಡೆಸುತ್ತಿರುವ ನನ್ನಂಥವನಿಗೂ ಮೋಟಾರು ಪಂದ್ಯಕ್ಕೂ ಏನು ಸಂಬಂಧ? ಸಂಬಂಧವನ್ನು ಬೆಸೆದವನು ನನ್ನ ಮೊಮ್ಮಗ. 2023ರ ಬೇಸಿಗೆಯಲ್ಲಿ ನಾವಿಬ್ಬರೂ, ಎಂದರೆ ನಾನು ಮತ್ತು ನಮ್ಮ ಮನೆಯವರು, ಅಮೆರಿಕೆಯ ಇಂಡಿಯಾನಾಪೊಲಿಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಹೋದ ಎರಡನೆಯ ದಿನವೇ ಆ ಮನೆಯಲ್ಲಿ ಏನೋ ಒಂದು ಬಿಗುವಿದೆ ಎಂಬುದು ನಮ್ಮ ಅರಿವಿಗೆ ಬಂದಿತು. ತಾಯಿ ಮಗನೊಡನೆ ಮಾತನಾಡುತ್ತಿರಲಿಲ್ಲ. ಮಗ ಊಟದ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ವಿಷಯ ತಿಳಿದದ್ದು ಅಳಿಯಂದಿರ ಬಾಯಿಂದ. ಹದಿನೇಳರ ಹರೆಯದ ಹುಡುಗ. ವಾಹನ ಚಾಲನೆಯ ಪರವಾನಗಿ ಕೈಗೆ ಬಂದು ವರ್ಷವಾಗಿತ್ತಷ್ಟೆ. ಒಂದು ರಾತ್ರಿ ಸಿಗ್ನಲ್ ದೀಪದ ಬಳಿ ಪಕ್ಕದಲ್ಲಿ ಬಂದು ನಿಂತ ಗೆಳೆಯನ ಕಾರಿನೊಡನೆ ಪಂದ್ಯ ಕಟ್ಟಿ, ದೀಪ ಬದಲಾಗುವುದಕ್ಕೂ ಮೊದಲೇ ನುಗ್ಗಿದ್ದನಂತೆ. ಪೊಲೀಸರು ತಡೆದು, ವಯಸ್ಸನ್ನು ನೋಡಿ, ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಮಗಳು ಕಾರಿನ ಕೀಲಿಯನ್ನು ಕಸಿದು ಬೀರುವಿನಲ್ಲಿಟ್ಟಿದ್ದಳು. ಅಳಿಯಂದಿರ ಅಭಿಪ್ರಾಯ ಬೇರೆಯಾಗಿತ್ತು. "ಕೀಲಿಯನ್ನು ಎಷ್ಟು ದಿನ ಬಚ್ಚಿಡುವುದು ಮಾವ? ಇವನಿಗೆ ಓಡಿಸಲೇಬೇಕೆಂಬ ಹುಚ್ಚು ಇದ್ದರೆ, ಓಡಿಸುವ ಜಾಗದಲ್ಲಿಯೇ ಓಡಿಸಲಿ. ಆಗ ತಾನೆಷ್ಟು ಚುರುಕು ಎಂಬುದು ಅವನಿಗೇ ತಿಳಿಯುತ್ತದೆ" ಎಂದರು. ಆ 'ಓಡಿಸುವ ಜಾಗ'ಕ್ಕೆ ಹಿರಿಯನೊಬ್ಬ ಜೊತೆಯಲ್ಲಿರಲಿ ಎಂದು ನನ್ನನ್ನೂ ಕರೆದೊಯ್ದರು.

ಆ ಸ್ಥಳದ ಹೆಸರು ಇಂಡಿಯಾನಾಪೊಲಿಸ್ ರೇಸ್‌ವೇ ಪಾರ್ಕ್. ಅಲ್ಲಿ ನಡೆಯುವುದು ಡ್ರ್ಯಾಗ್ ರೇಸಿಂಗ್ ಎಂಬ ಪಂದ್ಯ. ಸುತ್ತು ಹೊಡೆಯುವ ಓಟವಲ್ಲ ಇದು, ತಿರುವುಗಳಿಲ್ಲ. ನೇರವಾದ ದಾರಿಯಲ್ಲಿ ಎರಡು ವಾಹನಗಳು ಅಕ್ಕಪಕ್ಕ ನಿಂತು, ನಿಂತಲ್ಲಿಂದಲೇ ಹೊರಟು, ಕಾಲು ಮೈಲಿ, ಅಂದರೆ 1,320 ಅಡಿ ಅಥವಾ ಸುಮಾರು 402 ಮೀಟರು ದೂರವನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಎಷ್ಟು ಸರಳ ಎನ್ನಿಸುತ್ತದೆಯಲ್ಲವೆ? ನನಗೂ ಹಾಗೆಯೇ ಅನ್ನಿಸಿತ್ತು. ಶಕ್ತಿಯುಳ್ಳ ಯಂತ್ರ ಗೆಲ್ಲುತ್ತದೆ, ಅಶಕ್ತ ಯಂತ್ರ ಸೋಲುತ್ತದೆ. ಮನುಷ್ಯನಿಗೆ ಇದರಲ್ಲಿ ಏನು ಕೆಲಸ ಎಂದುಕೊಂಡಿದ್ದೆ. ಆ ಸಂಜೆ ಮುಗಿಯುವ ಹೊತ್ತಿಗೆ ನನ್ನ ಈ ತಿಳಿವಳಿಕೆ ತಲೆಕೆಳಗಾಗಿತ್ತು.

ಈ ಆಟದ ಹುಟ್ಟಿನ ಕಥೆಯೇ ನಮ್ಮ ಮನೆಯ ಕಥೆಯನ್ನು ಹೋಲುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳನ್ನು ಬಿಚ್ಚಿ, ಕಟ್ಟಿ, ಬಲಪಡಿಸಿ ಊರ ಬೀದಿಗಳಲ್ಲಿಯೇ ಪಂದ್ಯಕ್ಕಿಳಿಯುತ್ತಿದ್ದರು. ಸಾವು ನೋವುಗಳಾದವು, ಊರವರು ರೋಸಿಹೋದರು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನ ನಿಲ್ದಾಣದ ಓಡುದಾರಿಯೊಂದನ್ನೇ ಬಳಸಿಕೊಂಡು ಹಣ ಪಡೆದು ಪಂದ್ಯ ನಡೆಸುವ ತಾಣವೊಂದು ಆರಂಭವಾಯಿತು. 1951ರಲ್ಲಿ 'ಹಾಟ್ ರಾಡ್' ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಹುಡುಗರ ಹುಚ್ಚನ್ನು ಬಯ್ದು ಬಿಡಿಸುವುದು ಆಗದ ಮಾತು. ಅದನ್ನು ಬೀದಿಯಿಂದ ಎತ್ತಿ ಅಂಗಳಕ್ಕೆ ತರೋಣ, ನಿಯಮಕ್ಕೆ ಒಳಪಡಿಸೋಣ ಎಂಬುದು ಅವರ ನಿಲುವಾಗಿತ್ತು. 1953ರಲ್ಲಿ ಪೊಮೋನಾ ಎಂಬ ಊರಿನ ಜಾತ್ರೆಯ ಮೈದಾನದ ವಾಹನ ನಿಲುಗಡೆಯ ಜಾಗದಲ್ಲಿ ಆ ಸಂಸ್ಥೆಯ ಮೊದಲ ಅಧಿಕೃತ ಪಂದ್ಯ ನಡೆಯಿತು. 1954ರಲ್ಲಿ 'ಸುರಕ್ಷಾ ಸಫಾರಿ' ಎಂಬ ತಂಡವೊಂದು ಊರೂರು ತಿರುಗಿ, ಅಪಾಯವಿಲ್ಲದೆ ಪಂದ್ಯ ನಡೆಸುವ ಬಗೆಯನ್ನು ಕಲಿಸಿಕೊಟ್ಟಿತು. ನಮ್ಮ ಅಳಿಯಂದಿರು ಊಟದ ಮೇಜಿನ ಮುಂದೆ ಆಡಿದ ಮಾತನ್ನು ಆ ಮನುಷ್ಯ ಎಪ್ಪತ್ತು ವರ್ಷಗಳ ಹಿಂದೆಯೇ ಆಚರಣೆಗೆ ತಂದಿದ್ದರು.

ಇನ್ನು ಆರಂಭದ ವಿಧಾನವನ್ನು ವಿವರಿಸುತ್ತೇನೆ. ತುಸು ತಾಳ್ಮೆಯಿಂದ ಓದಬೇಕು. ಮೊದಮೊದಲು ಇಬ್ಬರು ಸ್ಪರ್ಧಿಗಳ ನಡುವೆ ಬಾವುಟ ಹಿಡಿದವನೊಬ್ಬ ನಿಂತು, ಬಾವುಟವನ್ನು ಎತ್ತಿ ಬೀಸಿ ಓಟಕ್ಕೆ ಚಾಲನೆ ಕೊಡುತ್ತಿದ್ದ. ಚಾಣಾಕ್ಷ ಚಾಲಕರು ಬಾವುಟವನ್ನು ನೋಡದೆ ಆ ಮನುಷ್ಯನ ತೋಳನ್ನೂ ಭುಜವನ್ನೂ ನೋಡಿ, ಬಾವುಟ ಏಳುವ ಮೊದಲೇ ಹೊರಟುಬಿಡುತ್ತಿದ್ದರು. ಜಗಳಕ್ಕೆ ಕೊನೆಯಿರಲಿಲ್ಲ. ಆದುದರಿಂದ 1963ರಲ್ಲಿ ಬಾವುಟದವನ ಬದಲಿಗೆ ದೀಪಗಳ ಕಂಬವೊಂದು ಬಂದಿತು. ಬಣ್ಣ ಬಣ್ಣದ ದೀಪಗಳಿಂದ ಕೂಡಿದ ಆ ಕಂಬವನ್ನು ಜನ 'ಕ್ರಿಸ್‌ಮಸ್ ಟ್ರೀ' ಎಂದು ಕರೆದರು. ಇಂದಿಗೂ ಅದೇ ಹೆಸರು.

ಕಂಬದ ತುದಿಯಲ್ಲಿ ಎರಡು ಸೂಚಕ ದೀಪಗಳಿರುತ್ತವೆ. ಓಟದ ದಾರಿಗೆ ಅಡ್ಡಲಾಗಿ ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಬೆಳಕಿನ ಎರಡು ಕಿರಣಗಳು ಹಾಯುತ್ತಿರುತ್ತವೆ. ಒಂದಕ್ಕೂ ಇನ್ನೊಂದಕ್ಕೂ 7 ಅಂಗುಲಗಳ ಅಂತರ. ಕಾರಿನ ಮುಂಗಾಲಿ ಮೊದಲ ಕಿರಣವನ್ನು ತಡೆದಾಗ ಮೊದಲ ದೀಪ ಬೆಳಗುತ್ತದೆ: 'ನೀನು ಗೆರೆಯ ಹತ್ತಿರ ಬಂದಿದ್ದೀಯೆ' ಎಂದು ಅರ್ಥ. ಎರಡನೆಯ ಕಿರಣವನ್ನು ತಡೆದಾಗ ಎರಡನೆಯ ದೀಪ: 'ನೀನು ಗೆರೆಯ ಮೇಲಿದ್ದೀಯೆ.' ಇಬ್ಬರೂ ಹೀಗೆ ನೆಲೆಗೊಂಡ ಮೇಲೆ, ಎಷ್ಟು ಹೊತ್ತಿಗೆ ಎಂದು ಮುಂಚಿತವಾಗಿ ಯಾರಿಗೂ ತಿಳಿಯದಂತೆ, ಆರಂಭದ ದೀಪಗಳು ಹೊತ್ತಿಕೊಳ್ಳತೊಡಗುತ್ತವೆ. ಸಾಮಾನ್ಯ ಪಂದ್ಯಗಳಲ್ಲಿ ಮೂರು ಹಳದಿ ದೀಪಗಳು ಅರ್ಧ ಅರ್ಧ ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದು ಬೆಳಗುತ್ತವೆ. ಮೂರನೆಯದಾದ ಅರ್ಧ ಸೆಕೆಂಡಿಗೆ ಹಸಿರು. ವೃತ್ತಿಪರರ ಪಂದ್ಯದಲ್ಲಾದರೋ ಮೂರು ಹಳದಿಗಳೂ ಒಮ್ಮೆಗೇ ಬೆಳಗಿ, 0.4 ಸೆಕೆಂಡಿನ ತರುವಾಯ ಹಸಿರು ಬರುತ್ತದೆ. ಹಸಿರಿಗೆ ಮೊದಲು ಕಾರಿನ ಗಾಲಿ ಕಿರಣವನ್ನು ಬಿಟ್ಟು ಮುಂದೆ ಸರಿದರೆ ಅವನ ಪಾಲಿಗೆ ಹಸಿರೇ ಬರುವುದಿಲ್ಲ, ಕೆಂಪು ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಅವನ ಓಟ ಮುಗಿದಂತೆ.

ಹಸಿರು ಹೊತ್ತಿದ ಕ್ಷಣದಿಂದ ಗಾಲಿ ಕಿರಣವನ್ನು ಬಿಡುವವರೆಗಿನ ಅವಧಿಯೇ ಪ್ರತಿಕ್ರಿಯಾ ಕಾಲ. ಇದನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಓಟದ ಅವಧಿಯನ್ನು ಅಳೆಯುವ ಗಡಿಯಾರ ಹಸಿರು ದೀಪದೊಡನೆ ಆರಂಭವಾಗುವುದಿಲ್ಲ. ಗಾಲಿ ಕಿರಣವನ್ನು ಬಿಟ್ಟಾಗಲೇ ಆರಂಭವಾಗುತ್ತದೆ. ಹೀಗಾಗಿ ಯಂತ್ರದ ವೇಗಕ್ಕೊಂದು ಲೆಕ್ಕ, ಮನುಷ್ಯನ ಎಚ್ಚರಕ್ಕೊಂದು ಲೆಕ್ಕ. ಆದರೆ ಗೆಲುವನ್ನು ನಿರ್ಧರಿಸುವುದು ಎರಡರ ಮೊತ್ತ. ಒಬ್ಬನ ಕಾರು 10.20 ಸೆಕೆಂಡಿನಲ್ಲಿ ಓಡಿತು, ಆದರೆ ಅವನು ಹೊರಡಲು 0.150 ಸೆಕೆಂಡು ತೆಗೆದುಕೊಂಡ ಎನ್ನೋಣ, ಒಟ್ಟು 10.350. ಇನ್ನೊಬ್ಬನ ಕಾರಿಗೆ 10.28 ಸೆಕೆಂಡು ಬೇಕಾಯಿತು, ಆದರೆ ಅವನು 0.030 ಸೆಕೆಂಡಿಗೇ ಹೊರಟ, ಒಟ್ಟು 10.310. ನಿಧಾನದ ಕಾರು ಮೊದಲು ಗುರಿ ಮುಟ್ಟಿತು! ಇಂಥ ಗೆಲುವಿಗೆ ಅಲ್ಲಿನವರು 'ಹೋಲ್‌ಶಾಟ್' ಎನ್ನುತ್ತಾರೆ. ಬಲಕ್ಕೆ ಸೋಲು, ಎಚ್ಚರಕ್ಕೆ ಗೆಲುವು.

ಈಗ ಶೀರ್ಷಿಕೆಯ ಒಗಟಿಗೆ ಬರೋಣ. ಹಸಿರು ಕಂಡು ಹೊರಟವನು ತಡವಾದವನು ಎಂದರೆ ಹೇಗೆ? ಕಣ್ಣು ಬೆಳಕನ್ನು ಕಂಡು, ಆ ಸುದ್ದಿ ಮಿದುಳನ್ನು ತಲುಪಿ, ಮಿದುಳಿನ ಆಜ್ಞೆ ನರಗಳ ಮೂಲಕ ಪಾದಕ್ಕೆ ಇಳಿದು, ಪಾದ ಅಲುಗುವಷ್ಟರಲ್ಲಿ ಆರೋಗ್ಯವಂತ ಯುವಕನಿಗೂ ಸೆಕೆಂಡಿನ ಐದನೆಯ ಒಂದು ಭಾಗ, ಅಂದರೆ ಸುಮಾರು 0.2 ಸೆಕೆಂಡು ಬೇಕು. ಅಲ್ಲಿಗೆ ಮುಗಿಯಲಿಲ್ಲ. ಎಂಜಿನ್ ಉಸಿರೆಳೆದು, ಗಾಲಿ ಉರುಳಿ, ಕಿರಣದಿಂದ ಈಚೆ ಬರಲು ಇನ್ನೂ 0.2ರಿಂದ 0.3 ಸೆಕೆಂಡು ಹಿಡಿಯುತ್ತದೆ. ಎರಡನ್ನೂ ಕೂಡಿಸಿದರೆ ಹತ್ತಿರ ಹತ್ತಿರ ಅರ್ಧ ಸೆಕೆಂಡು. ಕೊನೆಯ ಹಳದಿಗೂ ಹಸಿರಿಗೂ ಇರುವ ಅಂತರವೂ ಅರ್ಧ ಸೆಕೆಂಡೇ! ಆದುದರಿಂದ ಬಲ್ಲ ಚಾಲಕ ಹಸಿರನ್ನು ಕಾಯುವುದಿಲ್ಲ. ಕೊನೆಯ ಹಳದಿ ಕಣ್ಣಿಗೆ ಬಿದ್ದೊಡನೆಯೇ ಪಾದವನ್ನು ಒತ್ತುತ್ತಾನೆ. ಹಸಿರು ಬೆಳಗುವ ಹೊತ್ತಿಗೆ ಅವನ ಗಾಲಿ ಗೆರೆಯನ್ನು ಬಿಡುತ್ತಿರುತ್ತದೆ. ಇದು ಮೋಸವಲ್ಲ, ತನ್ನ ದೇಹದ ವಿಳಂಬವನ್ನು ತಾನೇ ಅರಿತು ಅದಕ್ಕೆ ತಕ್ಕ ಲೆಕ್ಕ ಹಾಕಿಕೊಂಡ ಜಾಣತನ. 0.000 ಎಂದರೆ ಪರಿಪೂರ್ಣ ಆರಂಭ. ಅದಕ್ಕಿಂತ ಸಾವಿರದ ಒಂದು ಭಾಗ ಮುಂಚೆಯಾದರೂ ಕೆಂಪು. ಪರಿಪೂರ್ಣತೆಗೂ ಅಪರಾಧಕ್ಕೂ ನಡುವಿನ ಗೋಡೆ ಎಷ್ಟು ತೆಳುವಾದದ್ದು ನೋಡಿ!

ಮನುಷ್ಯನ ಈ ವಿಳಂಬ ವಿಜ್ಞಾನಿಗಳ ಅರಿವಿಗೆ ಬಂದದ್ದೂ ಒಂದು ಕರುಣ ಪ್ರಸಂಗದ ಮೂಲಕ. 1796ರಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಮ್ಯಾಸ್ಕಲಿನ್ ಅವರು ತಮ್ಮ ಸಹಾಯಕ ಕಿನ್ನಿಬ್ರುಕ್‌ನನ್ನು ಕೆಲಸದಿಂದ ತೆಗೆದುಹಾಕಿದರು. ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ಆತ ತಮಗಿಂತ ಸುಮಾರು 0.8 ಸೆಕೆಂಡು ತಡವಾಗಿ ಗುರುತಿಸುತ್ತಾನೆ ಎಂಬುದು ಆಪಾದನೆ. ಇದು ಸೋಮಾರಿತನವಲ್ಲ, ಒಬ್ಬೊಬ್ಬರ ಕಣ್ಣು ಮನಸ್ಸುಗಳ ಗತಿಯೇ ಬೇರೆ ಬೇರೆ ಎಂಬುದನ್ನು ಬೆಸೆಲ್ ಎಂಬ ಜರ್ಮನ್ ಖಗೋಳ ವಿಜ್ಞಾನಿ ಮುಂದೆ ಪರಿಶೀಲಿಸಿ ತೋರಿಸಿದರು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಅವರು ಕಪ್ಪೆಯ ನರದಲ್ಲಿ ಸಂದೇಶ ಹರಿಯುವ ವೇಗವನ್ನೇ ಅಳೆದರು. ಅದು ಸೆಕೆಂಡಿಗೆ ಮೂವತ್ತು ಮೀಟರಿಗಿಂತಲೂ ಕಡಿಮೆಯಿತ್ತು. ಯೋಚನೆ ಮಿಂಚಿನಂತೆ ಹರಿಯುತ್ತದೆ ಎಂದು ನಾವು ಹೇಳುವುದು ಕವಿಯ ಮಾತು. ನಿಜದಲ್ಲಿ ಅದಕ್ಕೂ ದಾರಿ ನಡೆಯಬೇಕು, ಹೊತ್ತು ಹಿಡಿಯಬೇಕು. ಕಾಲ್ನಡಿಗೆಯ ಓಟದ ಪಂದ್ಯಗಳಲ್ಲಿ ಗುಂಡಿನ ಸದ್ದಾಗಿ 0.100 ಸೆಕೆಂಡಿಗೂ ಮೊದಲು ಹೊರಟವನನ್ನು 'ಕೇಳಿ ಹೊರಟದ್ದಲ್ಲ, ಊಹಿಸಿ ಹೊರಟದ್ದು' ಎಂದು ಪರಿಗಣಿಸುವುದು ಈ ಕಾರಣಕ್ಕಾಗಿಯೇ. 2011ರಲ್ಲಿ ದೇಗು ನಗರದ ವಿಶ್ವ ಕ್ರೀಡಾಕೂಟದಲ್ಲಿ ಉಸೇನ್ ಬೋಲ್ಟ್‌ನಂಥ ಓಟಗಾರನೂ ಅವಸರಪಟ್ಟು ಹೊರಟು, 100 ಮೀಟರಿನ ಅಂತಿಮ ಓಟವನ್ನು ಓಡದೆಯೇ ಹೊರನಡೆಯಬೇಕಾಯಿತು.

ಮತ್ತೆ ಅಂಗಳಕ್ಕೆ ಬರುತ್ತೇನೆ. ಹೊರಡುವ ಮುನ್ನ ಮಾಡಬೇಕಾದ ಸಿದ್ಧತೆಯೇ ಒಂದು ವಿಧಿಯಂತಿದೆ. ಬಲವಾದ ಕಾರುಗಳವರು ಮೊದಲು ನೀರು ಚೆಲ್ಲಿದ ಜಾಗದಲ್ಲಿ ಹಿಂಗಾಲಿಗಳನ್ನು ನಿಂತಲ್ಲಿಯೇ ಗಿರ್ರನೆ ತಿರುಗಿಸಿ ಹೊಗೆ ಎಬ್ಬಿಸುತ್ತಾರೆ. ನಾನು ಅದನ್ನು ಬರಿಯ ಆಡಂಬರವೆಂದು ಭಾವಿಸಿದ್ದೆ. ಹಾಗಲ್ಲವಂತೆ, ರಬ್ಬರು ಬಿಸಿಯಾಗಿ, ಅಂಟಿದ ಧೂಳು ಹೋಗಿ, ನೆಲವನ್ನು ಬಿಗಿಯಾಗಿ ಹಿಡಿಯಲೆಂದು ಮಾಡುವ ಕೆಲಸವದು. ಅನಂತರ ಗೆರೆಯ ಬಳಿಗೆ ಬರುವ ರೀತಿಯಲ್ಲೂ ಎರಡು ಮಾರ್ಗಗಳು. ಎರಡನೆಯ ದೀಪ ಬೆಳಗಿದೊಡನೆಯೇ ನಿಂತರೆ, ಗಾಲಿ ಕಿರಣವನ್ನು ಬಿಡುವ ಮುನ್ನ ಕೆಲವು ಅಂಗುಲ ಹೆಚ್ಚು ಉರುಳಬೇಕು. ಪ್ರತಿಕ್ರಿಯೆಯ ಅಂಕಿ ತುಸು ದೊಡ್ಡದಾಗುತ್ತದೆ, ಆದರೆ ಗಡಿಯಾರ ಆರಂಭವಾಗುವಾಗ ಕಾರು ಈಗಾಗಲೇ ಚಲಿಸುತ್ತಿರುವುದರಿಂದ ಓಟದ ಅವಧಿ ಕಡಿಮೆಯಾಗುತ್ತದೆ. ಇನ್ನೂ ಮುಂದಕ್ಕೆ, ಮೊದಲ ದೀಪ ಆರಿಹೋಗುವವರೆಗೆ ಸರಿದು ನಿಂತರೆ, ಪ್ರತಿಕ್ರಿಯೆ ಚುರುಕಾಗುತ್ತದೆ, ಓಟದ ಅವಧಿ ತುಸು ಬೆಳೆಯುತ್ತದೆ. ಕೆಂಪು ದೀಪದ ಅಪಾಯವೂ ಹತ್ತಿರವಾಗುತ್ತದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು. ಪಾದದ ಒತ್ತಡವೂ ಹಾಗೆಯೇ: ಅತಿಯಾದರೆ ಗಾಲಿ ನಿಂತಲ್ಲೇ ಜಾರುತ್ತದೆ, ಸಾಲದಾದರೆ ಎಂಜಿನ್ ಮುಗ್ಗರಿಸುತ್ತದೆ. ಮೊದಲ 60 ಅಡಿಗಳಲ್ಲಿ ಕಳೆದುಕೊಂಡದ್ದನ್ನು ಉಳಿದ 1,260 ಅಡಿಗಳಲ್ಲಿ ಮರಳಿ ಪಡೆಯುವುದು ಬಹಳ ಕಷ್ಟ. ಆ ನಷ್ಟ ಗುರಿಯ ಬಳಿಗೆ ಹೋಗುವಷ್ಟರಲ್ಲಿ ಇನ್ನಷ್ಟು ಬೆಳೆದಿರುತ್ತದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು 'ಬ್ರ್ಯಾಕೆಟ್' ಎಂಬ ಪದ್ಧತಿ. ಇದರಲ್ಲಿ ಮನೆಬಳಕೆಯ ಸಾಧಾರಣ ಕಾರೂ ಲಕ್ಷಗಟ್ಟಲೆ ಡಾಲರಿನ ಪಂದ್ಯದ ಕಾರಿನೊಡನೆ ಸೆಣಸಬಹುದು. ಪ್ರತಿಯೊಬ್ಬನೂ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂಬುದನ್ನು ಮೊದಲೇ ಕಾರಿನ ಗಾಜಿನ ಮೇಲೆ ಬರೆದು ಸಾರಬೇಕು. ಎರಡರ ವ್ಯತ್ಯಾಸ ಎಷ್ಟೋ ಅಷ್ಟು ಸೆಕೆಂಡು ಮುಂಚಿತವಾಗಿಯೇ ನಿಧಾನದ ಕಾರಿಗೆ ಹಸಿರು ಕೊಡುತ್ತಾರೆ. ಕಾರನ್ನು ನಿಧಾನವೆಂದು ಸುಳ್ಳು ಬರೆದು ಲಾಭ ಪಡೆಯಬಹುದಲ್ಲ ಎಂದು ಕೇಳಿದೆ. ಅದಕ್ಕೂ ನಿಯಮವಿದೆ: ತಾನು ಬರೆದುದಕ್ಕಿಂತ ಬೇಗ ಓಡಿದವನು ಸೋಲುತ್ತಾನೆ. ತನ್ನ ಅಳತೆಯನ್ನು ತಾನು ನಿಜವಾಗಿ ಬಲ್ಲವನಿಗೆ, ಬಲ್ಲುದನ್ನು ಮುಚ್ಚಿಡದೆ ಹೇಳುವವನಿಗೆ ಇಲ್ಲಿ ಮನ್ನಣೆ. ವೇಗದ ಕಾರಿನವನಿಗಾದರೋ ತಾಳ್ಮೆಯ ಪರೀಕ್ಷೆ; ಎದುರಾಳಿ ತನ್ನ ಕಣ್ಣೆದುರಿಗೇ ಹೊರಟು ಹೋಗುತ್ತಿರುವಾಗ ತನ್ನ ದೀಪಕ್ಕಾಗಿ ಕಾದಿರಬೇಕು. ನಾನು ನೋಡನೋಡುತ್ತಿದ್ದಂತೆಯೇ ಅಂಥ ಒಬ್ಬ ಕಾಯಲಾರದೆ ನುಗ್ಗಿ ಕೆಂಪು ಪಡೆದ.

ನಮ್ಮ ಹುಡುಗ ಹೋದದ್ದು ಸ್ಪರ್ಧೆಗಲ್ಲ, ಅಭ್ಯಾಸಕ್ಕಾಗಿ ತೆರೆದಿಟ್ಟ ಸಂಜೆಗೆ. ತಂದೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದರು. ಕಾರಿನ ಪರೀಕ್ಷೆ ನಡೆಯಿತು. ತಲೆಗೆ ಹೆಲ್ಮೆಟ್ಟು, ಎದೆಗೆ ಪಟ್ಟಿ. ಓಟ ಮುಗಿದ ಮೇಲೆ ಪ್ರತಿಯೊಬ್ಬನಿಗೂ ಒಂದು ಚೀಟಿಯನ್ನು ಅಚ್ಚು ಮಾಡಿ ಕೊಡುತ್ತಾರೆ. ಅದರಲ್ಲಿ ಮೊದಲ ಸಾಲೇ ಪ್ರತಿಕ್ರಿಯಾ ಕಾಲ. ಮೊದಲ ಚೀಟಿಯಲ್ಲಿ 0.412 ಎಂದಿತ್ತು, ಹುಡುಗ ಹಸಿರನ್ನು ಕಾದಿದ್ದ. ತನ್ನಷ್ಟು ಚುರುಕಿನವನಿಲ್ಲವೆಂದು ತಿಳಿದಿದ್ದವನ ಮುಖ ಸಪ್ಪಗಾಯಿತು. ಎರಡನೆಯ ಸಲ ಹಟ ತೊಟ್ಟು ಹೊರಟ. ಕಂಬದ ಮೇಲೆ ಕೆಂಪು ಬೆಳಗಿತು. ಚೀಟಿಯಲ್ಲಿ ಋಣ ಚಿಹ್ನೆಯೊಡನೆ 0.020. ಮೂರನೆಯ ಸಲ ಮನಸ್ಸನ್ನು ಹಿಡಿತಕ್ಕೆ ತಂದುಕೊಂಡಿರಬೇಕು, 0.118. ಮೂರು ಚೀಟಿಗಳನ್ನೂ ಅಂಗೈಯಲ್ಲಿ ಹರಡಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: "ತಾತ, ಆ ಕೆಂಪು ದೀಪ ಅವತ್ತು ರಾತ್ರಿ ರಸ್ತೆಯಲ್ಲಿ ಬಂದಿದ್ದರೆ?"

ಬಂಧುಗಳೆ, ಆ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. ಇಪ್ಪತ್ತೆಂಟು ವರ್ಷಗಳಿಂದ ಇತ್ತು. ಮಗಳಿಗೂ ಹೇಳಿರದ ಸಂಗತಿಯನ್ನು ಆ ಸಂಜೆ ಮೊಮ್ಮಗನಿಗೆ ಹೇಳಿದೆ. ಇಂದು ತಮಗೂ ಹೇಳುತ್ತಿದ್ದೇನೆ. 1995ರಲ್ಲಿ ನಮ್ಮೂರಿನ ದೊಡ್ಡ ವೃತ್ತದಲ್ಲಿ ಸಿಗ್ನಲ್ ದೀಪಗಳು ಹೊಸದಾಗಿ ಬಂದಿದ್ದವು. ನಾನು ಸ್ಕೂಟರಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಅಡ್ಡರಸ್ತೆಯ ದೀಪ ಹಳದಿಯಾಗುವುದು ನಾನು ನಿಂತ ಜಾಗಕ್ಕೆ ಓರೆಯಾಗಿ ಕಾಣುತ್ತಿತ್ತು. ಅದನ್ನು ನೋಡಿ, ನನ್ನ ಹಸಿರು ಬರುವುದಕ್ಕೆ ಒಂದೆರಡು ಸೆಕೆಂಡು ಮೊದಲೇ ಹೊರಟುಬಿಡುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಅದನ್ನು ಜಾಣತನವೆಂದೇ ಭಾವಿಸಿದ್ದೆ. ಒಂದು ಬೆಳಿಗ್ಗೆ ಅತ್ತ ಕಡೆಯಿಂದ ಸೈಕಲ್ ಮೇಲೆ ಹುಡುಗನೊಬ್ಬ ತನ್ನ ಕೊನೆಯ ಹಳದಿಯಲ್ಲಿ ದಾಟಿಬಿಡೋಣವೆಂದು ಬಂದ. ನಾನು ನನ್ನ ಹಸಿರಿಗೆ ಮೊದಲೇ ನುಗ್ಗಿದ್ದೆ. ಅವನ ಬಲಗೈ ಮುರಿಯಿತು. ಅದೇ ತಿಂಗಳು ಅವನಿಗೆ ಏಳನೆಯ ತರಗತಿಯ ಪರೀಕ್ಷೆ. ಅವನ ತಂದೆ ನನ್ನನ್ನು ಬಯ್ಯಲಿಲ್ಲ. "ಮೇಷ್ಟ್ರೇ, ನೀವು ಬೇಕಂತ ಮಾಡಿದ್ದಲ್ಲವಲ್ಲ" ಎಂದರು. ಆ ಮಾತಿಗಿಂತ ಬಯ್ಗುಳವೇ ಹಗುರವಾಗಿರುತ್ತಿತ್ತು. ಬೇಕೆಂದು ಮಾಡಿದ್ದಲ್ಲ ನಿಜ. ಆದರೆ ಬೇಕೆಂದೇ ಮುಂಚಿತವಾಗಿ ಹೊರಟಿದ್ದೆನಲ್ಲ!

ಅಂಗಳಕ್ಕೂ ರಸ್ತೆಗೂ ಇರುವ ವ್ಯತ್ಯಾಸ ಇಷ್ಟೆ. ಅಂಗಳದಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಅಡ್ಡ ಯಾರೂ ಹಾಯುವುದಿಲ್ಲ. ಅವಸರಪಟ್ಟವನು ಒಂದು ಪಂದ್ಯವನ್ನು ಮಾತ್ರ ಕಳೆದುಕೊಳ್ಳುತ್ತಾನೆ. ಅಷ್ಟಾದರೂ ಆ ಆಟ ತನ್ನ ಎಚ್ಚರವನ್ನು ಬಿಟ್ಟಿಲ್ಲ. 1970ರಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಚಾಲಕ ಹೊರಡುವ ಗಳಿಗೆಯಲ್ಲಿಯೇ ಕಾರಿನ ಗೇರುಪೆಟ್ಟಿಗೆ ಸಿಡಿದು ಬಲಪಾದದ ಒಂದು ಭಾಗವನ್ನು ಕಳೆದುಕೊಂಡರು. ಸುಮ್ಮನೆ ಕೂರದೆ ಎಂಜಿನ್ನನ್ನು ಚಾಲಕನ ಹಿಂದೆ ಇಡುವ ಕಾರನ್ನು ನಿರ್ಮಿಸಿ, 1971ರಲ್ಲಿ ಅದರಲ್ಲಿಯೇ ಗೆದ್ದು ತೋರಿಸಿದರು. ಆ ವಿನ್ಯಾಸವೇ ಮುಂದೆ ಎಲ್ಲರದೂ ಆಯಿತು. 1973ರಲ್ಲಿ ಅತಿವೇಗದ ವರ್ಗದ ಪರವಾನಗಿ ಪಡೆದ ಮೊದಲ ಮಹಿಳೆ ಶರ್ಲಿ ಮಲ್ಡೌನಿ 1977, 1980 ಮತ್ತು 1982ರಲ್ಲಿ ಚಾಂಪಿಯನ್ ಆದರು. 1984ರ ಅಪಘಾತದಲ್ಲಿ ಕಾಲುಗಳು ಜಜ್ಜಿಹೋದರೂ ಚೇತರಿಸಿಕೊಂಡು 1986ರಲ್ಲಿ ಮರಳಿ ಬಂದರು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಚಾಲಕ ಮಡಿದಾಗ, ಸಂಸ್ಥೆಯು ಅತಿವೇಗದ ವರ್ಗಗಳ ಓಟವನ್ನು ಕಾಲು ಮೈಲಿಯಿಂದ 1,000 ಅಡಿಗೆ ಇಳಿಸಿತು. ಒಂದು ಜೀವಕ್ಕಾಗಿ ಆಟವು ತನ್ನ ಮೂಲ ಅಳತೆಯನ್ನೇ ಬಿಟ್ಟುಕೊಟ್ಟಿತು.

ಇನ್ನು ರಸ್ತೆಯ ಲೆಕ್ಕವನ್ನು ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 16.7 ಮೀಟರು. ದೀಪವನ್ನೇ ದಿಟ್ಟಿಸುತ್ತ ಕುಳಿತ ಪಂದ್ಯದ ಚಾಲಕನ 0.2 ಸೆಕೆಂಡು ರಸ್ತೆಯ ಚಾಲಕನಿಗೆ ದೊರೆಯುವುದಿಲ್ಲ. ಅವನ ಮನಸ್ಸು ಮನೆಯಲ್ಲಿರುತ್ತದೆ, ಕಚೇರಿಯಲ್ಲಿರುತ್ತದೆ, ಕೈಯ ಫೋನಿನಲ್ಲಿರುತ್ತದೆ. ಮಗುವೊಂದು ಹಠಾತ್ತನೆ ಅಡ್ಡ ಬಂದರೆ, ಅದನ್ನು ಕಂಡು, ಅರಿತು, ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೂ ವಾಹನ 25 ಮೀಟರು ಮುಂದೆ ಹೋಗಿರುತ್ತದೆ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ರಸ್ತೆಗಳನ್ನು ರೂಪಿಸುವಾಗ ಚಾಲಕನಿಗೆ 2.5 ಸೆಕೆಂಡುಗಳನ್ನು ಲೆಕ್ಕ ಹಿಡಿಯುತ್ತಾರೆ. ಅಂದರೆ ಬ್ರೇಕು ಒತ್ತುವ ಮೊದಲೇ ಸುಮಾರು 42 ಮೀಟರು. ನಿಲ್ಲಲು ಒಟ್ಟು 80 ಮೀಟರುಗಳಷ್ಟು ದಾರಿ ಕಣ್ಣಿಗೆ ಕಾಣುತ್ತಿರಬೇಕು ಎಂಬುದು ಅವರ ನಿಯಮ. ನಿದ್ದೆಗೆಟ್ಟವನಿಗೆ, ಕುಡಿದವನಿಗೆ, ಫೋನು ನೋಡುವವನಿಗೆ ಇನ್ನೂ ಹೆಚ್ಚು ಬೇಕು. 'ನನ್ನ ಕಣ್ಣು ಚುರುಕು' ಎನ್ನುವ ತರುಣನ ಹೆಮ್ಮೆಯಿಂದ ಈ ಲೆಕ್ಕದಲ್ಲಿ ಉಳಿಯುವುದು ಮೂರು ನಾಲ್ಕು ಅಡಿ ಮಾತ್ರ.

ಇನ್ನೊಂದು ಮಾತು. ಆ ಅಂಗಳದಲ್ಲಿ ದೀಪ ಯಾವಾಗ ಹೊತ್ತುವುದೆಂದು ಯಾರಿಗೂ ತಿಳಿಯದಂತೆ ಗುಟ್ಟಾಗಿಡುತ್ತಾರೆ, ಊಹಿಸಿ ಹೊರಡಬಾರದೆಂದು. ನಮ್ಮ ಅನೇಕ ಊರುಗಳಲ್ಲಿ ಸಿಗ್ನಲ್ ದೀಪದ ಪಕ್ಕದಲ್ಲಿ ಅಂಕಿಗಳು ಇಳಿಯುತ್ತ ಬರುತ್ತವೆ. ಎಂಜಿನ್ನನ್ನು ಆರಿಸಿ ತಾಳ್ಮೆಯಿಂದ ಕಾಯಲಿ ಎಂಬ ಒಳ್ಳೆಯ ಉದ್ದೇಶ ಅದಕ್ಕಿದೆ. ಆದರೆ 3 ಬಂದೊಡನೆ ನಮ್ಮ ಜನ ಗೆರೆಯನ್ನು ದಾಟಿರುತ್ತಾರೆ. 1 ಬರುವಷ್ಟರಲ್ಲಿ ವೃತ್ತದ ನಡುವೆ ಇರುತ್ತಾರೆ. ಇಲ್ಲಿ ಕೆಂಪು ದೀಪ ಅವರನ್ನು ಪಂದ್ಯದಿಂದ ಹೊರಗೆ ಕಳಿಸುವುದಿಲ್ಲ, ಚೀಟಿಯನ್ನೂ ಕೊಡುವುದಿಲ್ಲ. ಚೀಟಿ ಕೊಡುವುದು ಆಸ್ಪತ್ರೆಯವರು.

ಹೆತ್ತವರಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳ ವೇಗದ ಮೋಹವನ್ನು ಪಾಪವೆಂದು ಹಳಿಯಬೇಡಿ. ಅದು ವಯಸ್ಸಿನ ಧರ್ಮ. ಅದಕ್ಕೊಂದು ಅಂಗಳವನ್ನೂ ಅಳತೆಯನ್ನೂ ಒದಗಿಸಿ. ನಮ್ಮಲ್ಲಿ ಅಂಥ ಅಂಗಳಗಳು ವಿರಳ. ಆದರೆ ಅಳತೆಯನ್ನು ಮನೆಯಲ್ಲಿಯೇ ತೋರಿಸಬಹುದು. ಒಂದು ಅಡಿಕೋಲನ್ನು ಮೇಲ್ತುದಿಯಲ್ಲಿ ಹಿಡಿದು, ಕೆಳತುದಿಯ ಬಳಿ ಮಗನ ಎರಡು ಬೆರಳುಗಳನ್ನು ತೆರೆದಿಡಲು ಹೇಳಿ, ಹೇಳದೆ ಕೇಳದೆ ಕೋಲನ್ನು ಬಿಡಿ. ಅವನು ಹಿಡಿಯುವಷ್ಟರಲ್ಲಿ ಅದು 20 ಸೆಂಟಿಮೀಟರು ಜಾರಿದ್ದರೆ ಅವನ ಪ್ರತಿಕ್ರಿಯಾ ಕಾಲ ಸುಮಾರು 0.2 ಸೆಕೆಂಡು, 30 ಸೆಂಟಿಮೀಟರು ಜಾರಿದರೆ ಸುಮಾರು 0.25. ಅನಂತರ ಅವನು ಯಾರೊಡನೆಯೋ ಫೋನಿನಲ್ಲಿ ಮಾತನಾಡುತ್ತಿರುವಾಗ ಮತ್ತೆ ಬಿಟ್ಟು ನೋಡಿ. ಕೋಲು ಬಹುಶಃ ನೆಲವನ್ನೇ ಸೇರೀತು. ನೂರು ಉಪದೇಶಗಳಿಗಿಂತ ಆ ಬಿದ್ದ ಕೋಲಿನ ಸದ್ದು ಹೆಚ್ಚು ಕೆಲಸ ಮಾಡುತ್ತದೆ.

ನಾವು ಊರಿಗೆ ಹೊರಡುವ ಹಿಂದಿನ ದಿನ ಮಗಳು ಬೀರುವಿನಿಂದ ಕೀಲಿಯನ್ನು ತೆಗೆದು ಮಗನ ಕೈಗೆ ಕೊಟ್ಟಳು. ಏನೂ ಹೇಳಲಿಲ್ಲ. ಮರುದಿನ ವಿಮಾನ ನಿಲ್ದಾಣಕ್ಕೆ ನಮ್ಮನ್ನು ಕರೆದೊಯ್ದವನು ಅವನೇ. ದಾರಿಯಲ್ಲಿ ಒಂದು ಸಿಗ್ನಲ್ ದೀಪ ಹಸಿರಾಯಿತು. ಹುಡುಗ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಹೊರಟ. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ಹಿಂದಿನ ಆಸನದಲ್ಲಿ ಕುಳಿತಿದ್ದ ಅವನ ತಾಯಿ ನನ್ನ ಕೈಯನ್ನು ಮೆಲ್ಲನೆ ಒತ್ತಿದಳು. ಕಾರಿನ ಮುಂಗನ್ನಡಿಯ ಕೆಳಗೆ ಒಂದು ಚೀಟಿ ಸಿಕ್ಕಿಸಿತ್ತು. 0.118 ಇರಬಹುದೆಂದುಕೊಂಡು ಬಗ್ಗಿ ನೋಡಿದೆ. ಅಲ್ಲ, ಋಣ ಚಿಹ್ನೆಯ 0.020.